ವಿಲಾಯತಿ ಕಾರು ಮಜ್ಜಿಗೆ ಕುಡಿದದ್ದು

ನನ್ನ ಎರಡೂ ಕಣ್ಣಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಂಸ್ಥಾನ ಹೋದ ಮೇಲೆ ರಾಜರೊಬ್ಬರು ಮಾರಿದ ವಿಲಾಯತಿ ಕಾರು ಇಡೀ ತಾಂಬಾ ಊರಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ನೆರೆಮನೆಯ ಮೌಲಾಸಾಬನ ಹೆಂಡತಿಗೆ ಹೆರಿಗೆ ಬ್ಯಾನಿ ಹೆಚ್ಚಾದಾಗ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಇಂಡಿ ದವಾಖಾನೆಗೆ ಹೊರಟೆ. ಅರ್ಧ ದಾರಿಯಲ್ಲಿ ಕಾರು ಕುದಿದು, ಉಗಿ ಬಿಟ್ಟು ನಿಂತಿತು. ಸುತ್ತ ಎಲ್ಲೂ ನೀರಿಲ್ಲ.

"ಕಾಕಾ, ಏನರ ಮಾಡ್ರಿ! ಇಕೀ ಕೈ ತಣ್ಣಗಾಗಾಕತ್ತಾವ!" ಎಂದು ಮೌಲಾಸಾಬ ಅಳತೊಡಗಿದ.

ಹೊಲದಲ್ಲಿದ್ದ ಮಗನಿಗೆ ಬುತ್ತಿ ಒಯ್ಯುತ್ತಿದ್ದ ಮುದುಕಿಯೊಬ್ಬಳು ತಲೆಯ ಮೇಲಿನ ಮಜ್ಜಿಗೆ ಗಡಿಗೆ ಇಳಿಸಿದಳು. "ಉಪ್ಪು ಹಾಕೀನಿ, ಇದಕ್ಕ ನಡೀತೈತೇನೋ ತಮ್ಮಾ?"

ಗಡಿಗೆಯಷ್ಟನ್ನೂ ರೇಡಿಯೇಟರಿಗೆ ಸುರಿದೆ. ಕಾರು ಹುಲಿಯಂತೆ ಓಡಿತು. ದವಾಖಾನೆಯ ಬಾಗಿಲಲ್ಲೇ ಕೂಸು ಅತ್ತಿತು, ತಾಯಿ ಕಣ್ಣು ತೆರೆದಳು.

ಓಡಿತು ಅಂದದ್ದಷ್ಟೇ ಸಣ್ಣ ಸುಳ್ಳು. ಎಳೆದದ್ದು ಮುದುಕಿಯ ಮಗನ ಎತ್ತುಗಳು. ಹಾರ್ನ್ ಮಾತ್ರ ದವಾಖಾನೆತನಕ ನಾನೇ ಬಾರಿಸಿದೆ.