ಮಾತಾಡಿಸದ ಸಿಸ್ಟರ್

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಲೈಂಗಿಕ ರೋಗಗಳಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ನಾನು ಕೂರುತ್ತಿದ್ದ ಕಾಲಕ್ಕೆ, ಅಲ್ಲಿ ಮಂಗಳೂರು ಕಡೆಯ ಒಬ್ಬರು ನರ್ಸ್ ಇದ್ದರು. ಕುವೈತಿನಲ್ಲಿ ದುಡಿದು ಬಂದವರು. ಹಿಂದಿನ ಶತಮಾನದ ಆರಂಭದಲ್ಲಿ ಆ ಕ್ಲಿನಿಕ್ ಶುರುವಾದಾಗ, ರೋಗಿಗಳು ಯಾರ ಕಣ್ಣಿಗೂ ಬೀಳದಂತೆ ಓಣಿಯ ಹಿಂಬಾಗಿಲಿನಿಂದ ಬರುತ್ತಿದ್ದರಂತೆ. ನಾವು ಬರುವಷ್ಟರಲ್ಲಿ ಆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಸಿಸ್ಟರ್ ಗ್ಲೌಸ್ ಕಳಚುತ್ತಾ ರೋಗಿಗಳೆಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. ನಮ್ಮವರಾದರೆ ಕನ್ನಡದಲ್ಲಿ: "ಹೊರಗೆ ಸಿಕ್ಕಿದ್ರೆ ನಾನಾಗಿ ಮಾತಾಡ್ಸುದಿಲ್ಲ, ಆಯ್ತಾ? ನೀವು ಮಾತಾಡ್ಸಿದ್ರೆ ಮಾತ್ರ."

ನಮ್ಮವರು ಸಾಮಾನಿಗೆ ಹೋಗುವ ಕ್ಯಾನಿಂಗ್ಟನ್ ಬಡಾವಣೆಯ ಅಂಗಡಿಗಳಲ್ಲಿ ಅವರು ತಲೆ ತಗ್ಗಿಸಿಯೇ ಓಡಾಡುತ್ತಿದ್ದರು. ನಮ್ಮ ಜನ ಅದಕ್ಕೆ ಜಂಬ ಎಂದು ಹೆಸರಿಟ್ಟರು.

ಅಲ್ಲಿನ ಕನ್ನಡಿಗರೆಲ್ಲ ಸೇರಿದ್ದ ಒಂದು ಯುಗಾದಿ ಊಟದಲ್ಲಿ ಸಿಸ್ಟರೂ ನಾನೂ ಬಡಿಸುತ್ತಿದ್ದೆವು. ಆ ವಾರವಷ್ಟೇ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ತೆಗೆದುಕೊಂಡಿದ್ದ ಒಬ್ಬ ಇಂಜಿನಿಯರ್, ಮೈಸೂರಿನಿಂದ ಬಂದಿದ್ದ ತನ್ನ ತಾಯಿಯ ಪಕ್ಕ ಕೂತಿದ್ದ.

"ನನ್ನ ಮಗನ ಪರಿಚಯ ಇದ್ಯೇನಮ್ಮ?" ಎಂದು ತಾಯಿ ಕೇಳಿದರು.

"ಇಲ್ಲ ಆಂಟಿ," ಎಂದು ಸಿಸ್ಟರ್ ಮುಂದಿನ ತಟ್ಟೆಗೆ ಹೋದರು.

"ಒಂದು ನಗೂನೂ ಇಲ್ವಲ್ಲೋ. ಎಷ್ಟು ಜಂಬ."

"ಹೂಂ ಅಮ್ಮ, ಅವರು ಹಾಗೇನೇ," ಎಂದ ಮಗ.

ಸಿಸ್ಟರಿಗೆ ಅದು ಕೇಳಿಸಿತು. ವಾಪಸ್ ಬಂದು ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಮುಂದಿನ ಇಂಜೆಕ್ಷನ್ನಿಗೆ ಬಂದವನು ನನ್ನ ಮೇಜಿನ ಹತ್ತಿರವೇ ಅವರನ್ನು ನಿಲ್ಲಿಸಿದ. "ಸಾರಿ ಸಿಸ್ಟರ್, ಮೊನ್ನೆ ಊಟದಲ್ಲಿ ನಾನು..."

"ಯಾವ ಊಟ?" ಎನ್ನುತ್ತಾ ಅವರು ಒಳಗಿನ ಬಾಗಿಲು ತೆರೆದು ಹಿಡಿದರು. "ಇಲ್ಲಿ ಬಿಟ್ರೆ ನಾನು ನಿಮ್ಮನ್ನ ಬೇರೆಲ್ಲೂ ನೋಡ್ಲೇ ಇಲ್ಲ ಮಾರಾಯ್ರೆ. ಬನ್ನಿ."