ಬಿಸಿಲಿಗೆ ಕಾದ ತೂಗುಮಣೆ

ವಡೋದರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರಿದ್ದರು. ಆ ಚಳಿಗಾಲ ಅವರು ಕಾಯಿಲೆಯ ಹೆಂಡತಿಗಾಗಿ ತಾರಸಿಯ ಮೇಲೆ ಮರದ ತೂಗುಮಣೆಯೊಂದನ್ನು ಮಾಡುತ್ತಿದ್ದರು. ಎದುರು ಮನೆಗಳ ಹೆಂಗಸರಂತೆ ತಾನೂ ಬಿಸಿಲಿನಲ್ಲಿ ಕೂತು ಜೀಕಬೇಕೆಂಬುದು ಆಕೆಯ ಆಸೆ.

ಮೊದಲ ಸಲ ಇಬ್ಬನಿಯ ಬೆಳಿಗ್ಗೆಯೇ ಹಚ್ಚಿದ ಮಾಮೂಲಿ ಬಿಳಿ ಅಂಟು ಸುಣ್ಣದಂತೆ ಉದುರಿ, ಜೋಡಣೆಯೆಲ್ಲ ಬಿಟ್ಟುಕೊಂಡಿತು. ಆಮೇಲೆ ನೀರಿಗೆ ಜಗ್ಗದ ಅಂಟು ತಂದರು. ಅದರ ಡಬ್ಬಿಯನ್ನು ಸ್ವೆಟರಿನೊಳಗೆ ಅವುಚಿಕೊಂಡು ಕೂರುತ್ತಿದ್ದರು. ಯಾವಾಗ ಹಚ್ಚುತ್ತೀರಿ ಎಂದರೆ ಒಂದೇ ಉತ್ತರ.

"ಬಿಸಿಲು ಏರ್ಲಿ ತಂಗಿ. ಥಂಡ್ಯಾಗ ಇದು ಹಿಡಿಯೂದಿಲ್ಲ."

"ನಿಮ್ಮ ಅಂಟು ಒಣಗೂದ್ರೊಳಗ ನಾ ಒಣಗಿ ಹೋಗಿರ್ತೇನಿ ನೋಡ್ರಿ," ಎಂದು ಆಕೆ ಶಾಲಿನೊಳಗೇ ನಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಅಂಟು ಹಚ್ಚಿ, ಹಲಗೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಚಳಿಯಿರುವುದರಿಂದ ಎರಡು ದಿನ ಬಿಚ್ಚಬಾರದೆಂದರು. ಮರುದಿನ ಬೆಳಿಗ್ಗೆ ಆಕೆ ತೀರಿಕೊಂಡರು.

ನೆಂಟರೆಲ್ಲ ಹೊರಟುಹೋದ ಮೇಲೆ ನಾನು ತಾರಸಿಗೆ ಹೋದೆ. ಅವರು ತೂಗುಮಣೆಯ ಜೋಡಣೆಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದರು. ಅಂಟು ಕಲ್ಲಿನಂತೆ ಹಿಡಿದಿತ್ತು. ಹಗ್ಗ ಇನ್ನೂ ಹಾಗೆಯೇ ಇತ್ತು.

"ಬಿಚ್ಚಲಾ ಅಂಕಲ್?" ಎಂದೆ.

ಸೂರ್ಯ ನೆತ್ತಿಯ ಮೇಲಿದ್ದ.

"ಬಿಸಿಲು ಏರ್ಲಿ ತಂಗಿ," ಎಂದರು.