ಮೆಲ್ಬರ್ನ್ ಕಡೆ ಒಂದು ಎಂಜಿನ್ ಇದೆಯಂತೆ

ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಬೀದಿಯಲ್ಲಿ ಮನೆಗೆ ಎರಡೆರಡು ಕಾರು. ಶಿವಪ್ರಕಾಶ ಪಾಟೀಲರ ಮನೆಯಲ್ಲಿ ಮಾತ್ರ ಒಂದೂಕಾಲು. ಕಾಲು ಎಂದದ್ದೂ ಗೌರವಕ್ಕೆ. ಗರಾಜಿನ ನಡುವೆ ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿದ್ದದ್ದು ಬರೀ ಉಕ್ಕಿನ ಚೌಕಟ್ಟು. ಅದರ ಮೇಲೆ ಅವರ ತಾಯಿ ಗಿರಿಜವ್ವ ಧಾರವಾಡದಲ್ಲಿ ಹೊಲಿದ ಕೌದಿ ಹೊದಿಸಿದ್ದರು. ನೋಡಿದವರು ಯಾರೋ ಮಲಗಿದ್ದಾರೆಂದು ಪಿಸುಮಾತಿನಲ್ಲಿ ಮಾತಾಡಬೇಕು, ಹಾಗಿತ್ತು.

ಅದು ಕಿಟ್ ಕಾರು. ಕಂಪನಿಯವರು ಚೌಕಟ್ಟು, ಮೈಮೇಲಿನ ತಗಡು, ಒಂದು ಪೆಟ್ಟಿಗೆ ನಟ್ಟು-ಬೋಲ್ಟು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ವೈರು ಎಲ್ಲ ನಾವೇ ಬೇರೊಂದು ಹಳೆಯ ಕಾರಿನಿಂದ ಬಿಚ್ಚಿ ತರಬೇಕು. ಹಾಗೆ ಅಂಗಾಂಗ ಕೊಟ್ಟು ಸಾಯುವ ಕಾರಿಗೆ ಡೋನರ್ ಎಂದು ಹೆಸರು. ಎಲ್ಲ ಜೋಡಿಸಿ ಮುಗಿದ ಮೇಲೆ ಸಿಗುವುದು ಬಾಗಿಲಿಲ್ಲದ, ಸೂರಿಲ್ಲದ, ಎರಡೇ ಸೀಟಿನ ಗಾಡಿ.

ಶಿವಪ್ರಕಾಶರಿಗೆ ಐವತ್ತೊಂಬತ್ತು. ಚಾಟ್ಸ್‌ವುಡ್‌ನಲ್ಲಿ ಸೇತುವೆಗಳ ಭಾರ ಲೆಕ್ಕ ಹಾಕುವ ಎಂಜಿನಿಯರ್. ನಾನು ಮೈಸೂರಿನವನು, ಅವರು ಹತ್ತುವ ಮೆಟ್ರೋದಲ್ಲೇ ಅಲ್ಲಿಗೇ ಹೋಗುವವನು, ಪರಿಚಯವಾದದ್ದೂ ಹಾಗೆಯೇ. ಕಾರಿನ ವಿಷಯದಲ್ಲಿ ನನಗೆ ಗೊತ್ತಿರುವುದು ಪೆಟ್ರೋಲ್ ಹಾಕುವ ಬಾಯಿ ಯಾವ ಪಕ್ಕಕ್ಕಿದೆ ಎಂಬುದೊಂದೇ, ಅದೂ ನನ್ನ ಸ್ವಂತ ಕಾರಿನದ್ದು. ಆದರೂ ಪ್ರತಿ ಶನಿವಾರ ಅವರಿಗೆ ನಾನೇ ಸಹಾಯಕ. ಟಾರ್ಚ್ ಹಿಡಿಯುವುದು, ಹೂಂ ಅನ್ನುವುದು, ಇಷ್ಟೇ ಕೆಲಸ. ಎರಡನೆಯದರಲ್ಲಿ ನನಗೆ ಇಪ್ಪತ್ತಾರು ವರ್ಷದ ದಾಂಪತ್ಯದ ಅನುಭವವಿತ್ತು.

ಅವರ ಹೆಂಡತಿ ಶ್ರೀದೇವಿ, ಮಗಳು ಅಪೇಕ್ಷಾಳ ಬಾಣಂತನಕ್ಕೆಂದು ಮೆಲ್ಬರ್ನ್‌ಗೆ ಹೋಗಿ ಎರಡು ವರ್ಷವಾಗಿತ್ತು. ಹೋಗುವಾಗ ಮೂರು ತಿಂಗಳ ಮಾತು. ಆಮೇಲೆ ಚೈಲ್ಡ್‌ಕೇರ್‌ನಲ್ಲಿ ಜಾಗ ಸಿಗಲಿಲ್ಲ. ಜಾಗ ಸಿಕ್ಕಾಗ ಮಗುವಿಗೆ ವಾರಕ್ಕೊಂದು ನೆಗಡಿ. ನೆಗಡಿ ನಿಲ್ಲುವಷ್ಟರಲ್ಲಿ ಅಪೇಕ್ಷಾಳಿಗೆ ಪ್ರಮೋಷನ್. ಗಂಡಹೆಂಡಿರ ನಡುವೆ ಜಗಳವಿಲ್ಲ, ಮುನಿಸಿಲ್ಲ. ಜಗಳವಿದ್ದಿದ್ದರೆ ನಾಲ್ಕು ಜನ ಸೇರಿ ರಾಜಿಯಾದರೂ ಮಾಡಿಸಬಹುದಿತ್ತು.

ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಅವರು ಅಡುಗೆಮನೆ ಮತ್ತು ಗರಾಜು ಎರಡರಲ್ಲೇ ವಾಸವಾಗಿದ್ದರು. ಭಾನುವಾರ ಮಾಡಿದ ಸಾರು ಬುಧವಾರದವರೆಗೆ ನಡೆಯುತ್ತಿತ್ತು. ಹಿತ್ತಲಿನ ತಂತಿಯ ಮೇಲೆ ಐದು ಅಂಗಿ ಒಣಗುತ್ತಿದ್ದವು, ವಾರಕ್ಕೆ ಸರಿಯಾಗಿ ಐದೇ. ಮೊಮ್ಮಗಳ ಪಾಲಿಗೆ ಅಜ್ಜ ಎಂದರೆ ಫೋನಿನೊಳಗೆ ವಾಸಿಸುವ ಒಂದು ಸಣ್ಣ ಮನುಷ್ಯ. ಅದು ಅಜ್ಜನಿಗೆ ಹೇಳಲು ಕಲಿತ ಮೊದಲ ಮಾತು "ಬೈ".

ಹೋಗಿ ಇದ್ದು ಬನ್ನಿ ಎಂದರೆ ಒಲ್ಲೆನೆಂದು ತಲೆಯಾಡಿಸುತ್ತಿದ್ದರು. ಮಗಳ ಮನೆಯಲ್ಲಿ ತಂದೆಯಾದವನು ಕೆಲಸವಿಲ್ಲದೆ ಕೂರಬಾರದು, ಮೂರನೇ ಹೊತ್ತಿನ ಊಟ ಗಂಟಲಲ್ಲಿ ನಿಲ್ಲುತ್ತದೆ ಎಂದು ಗಿರಿಜವ್ವ ಹೇಳುತ್ತಿದ್ದರಂತೆ. ಅವ್ವ ತೀರಿಹೋಗಿ ಒಂಬತ್ತು ವರ್ಷವಾದರೂ ಆಕೆಯ ಕಾನೂನು ಈ ಖಂಡದಲ್ಲೂ ಜಾರಿಯಲ್ಲಿತ್ತು. ಇದನ್ನೆಲ್ಲ ನನಗೆ ಹೇಳಿದವರು ಅವರೇ. ಎರಡಕ್ಕೆ ಎರಡು ಕೂಡಿಸುವುದನ್ನಷ್ಟೇ ನನಗೆ ಬಿಟ್ಟಿದ್ದರು. ನಾನು ಮೊದಲಿನಿಂದ ಲೆಕ್ಕದಲ್ಲಿ ಹಿಂದೆ.

ಯಾವ ಎಂಜಿನ್ ಎಂದು ತೀರ್ಮಾನಿಸುವುದಕ್ಕೇ ಆರು ತಿಂಗಳು ಹಿಡಿಯಿತು. ಮೊದಲು ಮೋಟರ್‌ಬೈಕಿನ ಎಂಜಿನ್ ಎಂದರು. ಹಗುರ, ಆದರೆ ಅದಕ್ಕೆ ರಿವರ್ಸ್ ಇಲ್ಲ. "ಈ ವಯಸ್ಸಿನಾಗ ಹಿಂದ ಹೋಗಲಿಕ್ಕೂ ಬರಬೇಕಲ್ರಿ," ಎಂದು ಬಿಟ್ಟರು. ಎಂಟು ಸಿಲಿಂಡರಿನದು ಚೌಕಟ್ಟಿಗೆ ಭಾರ, ಕೌದಿ ಹೊಲಿಯುವ ಸೂಜಿಗೆ ಬಾವಿ ಹಗ್ಗ ಪೋಣಿಸಿದಂತೆ. ಕೊನೆಗೆ ನಿಂತದ್ದು ಮಜ್ದಾದ ಎರಡು ಸೀಟಿನ ಕಾರಿನ ಎಂಜಿನ್ ಮೇಲೆ. ಅದು ಉದ್ದುದ್ದಕ್ಕೆ ಕೂರುತ್ತದೆ, ಶಕ್ತಿಯನ್ನು ಹಿಂದಿನ ಗಾಲಿಗೆ ಕೊಡುತ್ತದೆ, ಗೇರ್‌ಬಾಕ್ಸು, ಆಕ್ಸಲ್ಲು, ವೈರಿನ ಕಂತೆ ಎಲ್ಲ ಒಂದೇ ಕಾರಿನಿಂದ ಬರುತ್ತದೆ. ಹಳೆಯ ಮಜ್ದಾ ಸಿಡ್ನಿಯಲ್ಲಿ ಬೇಕಾದಷ್ಟು. ಆದರೆ ಅವರು ನೋಡಲು ಹೋಗುತ್ತಿದ್ದದ್ದು ಮೆಲ್ಬರ್ನ್‌ಗೆ, ಒಂಬತ್ತು ಗಂಟೆಯ ದಾರಿ, ತಿಂಗಳಿಗೊಮ್ಮೆ.

"ಸಿಡ್ನಿ ಗಾಡಿಗೆ ಸಮುದ್ರದ ಉಪ್ಪು ಹಿಡದಿರ್ತದ್ರಿ," ಎಂದರು.

ಮೆಲ್ಬರ್ನ್‌ಗೂ ಸಮುದ್ರವಿದೆಯಲ್ಲ ಎಂದೆ.

"ಮೈಸೂರವರ, ಆ ಸಮುದ್ರ ಬ್ಯಾರೆ."

ಒಮ್ಮೆ ನಾನೂ ಜೊತೆಗೆ ಹೋದೆ. ಶುಕ್ರವಾರ ರಾತ್ರಿ ಅಪೇಕ್ಷಾಳ ಮನೆ ತಲುಪಿದೆವು. ಶನಿವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಯಾರಾದರು. ಎಂಜಿನ್ ನೋಡಲು ಬಿಳಿ ಅಂಗಿ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಶ್ರೀದೇವಿಯವರೂ ಹೊರಟರು. ಇಳಕಲ್ ಸೀರೆ, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ ಚೂಡಾ. ಮಗುವನ್ನು ಅಳಿಯನ ಕೈಗೆ ಕೊಟ್ಟು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ, ಟೂಲ್‌ಬಾಕ್ಸಿನ ಪಕ್ಕದಲ್ಲಿ. ದಾರಿಯುದ್ದಕ್ಕೂ ಅವರಿಬ್ಬರೂ ಮಾತಾಡಿದ್ದು ಕೆಲ್ಲಿವಿಲ್ ಹಿತ್ತಲಿನ ಕರಿಬೇವಿನ ಗಿಡ, ತೊಟ್ಟಿಕ್ಕುವ ನಲ್ಲಿ, ಎದುರುಮನೆ ನಾಯಿಯ ಆರೋಗ್ಯ. ಎಂಜಿನ್ ಸುದ್ದಿ ಎತ್ತಲೇ ಇಲ್ಲ.

ಕಾರು ಮೆಲ್ಬರ್ನ್ ಹೊರವಲಯದ ವೆರಿಬಿಯ ಒಬ್ಬ ನಿವೃತ್ತ ಮೇಷ್ಟರದ್ದು. ಸರ್ವಿಸ್ ಮಾಡಿಸಿದ ಚೀಟಿಗಳನ್ನೆಲ್ಲ ಫೈಲು ಮಾಡಿಟ್ಟಿದ್ದರು. ಓಡಿಸಿ ನೋಡುತ್ತೇವೆಂದು ಗಂಡಹೆಂಡತಿ ಸೂರು ಮಡಚಿ ಹೊರಟರು. ಹತ್ತು ನಿಮಿಷ ಎಂದವರು ಐವತ್ತು ನಿಮಿಷವಾದರೂ ಪತ್ತೆಯಿಲ್ಲ. ಮೇಷ್ಟರು ಗಡಿಯಾರ ನೋಡತೊಡಗಿದರು. ಅವರು ಮರ್ಯಾದಸ್ಥರು ಎಂದು ನಾನು ಮೂರು ಸಲ ಭರವಸೆ ಕೊಟ್ಟೆ, ಮೂರನೆಯ ಸಲ ನನಗೇ ಅನುಮಾನ ಬಂತು. ಕೊನೆಗೆ ಬಂದರು. ಶ್ರೀದೇವಿಯವರ ಕೂದಲೆಲ್ಲ ಗಾಳಿಗೆ ಕೆದರಿತ್ತು, ಚೂಡಾ ಡಬ್ಬಿ ಖಾಲಿಯಾಗಿತ್ತು. ಶಿವಪ್ರಕಾಶರು ಮೇಷ್ಟರ ಕೈಕುಲುಕಿ, ಯೋಚಿಸಿ ತಿಳಿಸುತ್ತೇವೆ ಎಂದರು. ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ಕೇಸರಿಬಾತು ತಿಂದು, ಊರಿಗೆ ಹೋಗಿ ಕಾಗದ ಬರೀತೀವಿ ಅನ್ನುತ್ತಿದ್ದರಲ್ಲ, ಅದೇ ಧಾಟಿ.

ವಾಪಸ್ ಬರುವಾಗ ಏನು ದೋಷ ಎಂದು ಕೇಳಿದೆ.

"ಕ್ಲಚ್ ತುಸು ಮ್ಯಾಲೆ ಹಿಡೀತದ," ಎಂದರು ಅವರು.

"ಸೀಟೂ ಗಟ್ಟಿ," ಎಂದರು ಶ್ರೀದೇವಿ, ಕಿಟಕಿಯಾಚೆ ನೋಡುತ್ತ.

ಅದು ಅವರು ಒಲ್ಲೆನೆಂದ ಹದಿನಾಲ್ಕನೆಯ ಕಾರು. ಈ ಮನುಷ್ಯನಿಗೆ ಜನ್ಮದಲ್ಲಿ ತೀರ್ಮಾನ ಮಾಡಲು ಬಾರದು, ನಾನೇ ಉದ್ಧಾರ ಮಾಡಬೇಕು ಎಂದುಕೊಂಡೆ. ನಾನು ಉದ್ಧಾರಕ್ಕೆ ಹೊರಟಾಗಲೆಲ್ಲ ಯಾರಿಗಾದರೂ ಏಟು ಬೀಳುತ್ತದೆ. ಅದು ನನ್ನ ಹೆಂಡತಿ ಅಪರ್ಣಳ ಅಭಿಪ್ರಾಯ.

ಮುಂದಿನ ವಾರ ಟೂಂಗಾಬಿಯ ಭಾರತೀಯ ಅಂಗಡಿಗೆ ಮೆಂತ್ಯ ಸೊಪ್ಪು ತರಲು ಹೋಗಿದ್ದೆ. ಅಂಗಡಿಯ ಗಾಜಿನ ಮೇಲೆ ಚೀಟಿ: ಮಜ್ದಾ, ಎರಡು ಸೀಟು, ಮಾರಾಟಕ್ಕಿದೆ. ಕಾರಿನ ಒಡೆಯ ಇಂದ್ರೇಶ್ ಎಂಬ ಹಾಸನದ ಯುವಕ. ಮನೆಗೆ ಮಗು ಬರುವುದರಲ್ಲಿತ್ತು, ಮಗುವಿನ ಸೀಟು ಇಡಲು ಆ ಕಾರಿನಲ್ಲಿ ಜಾಗವಿಲ್ಲ. ಕೊಳ್ಳುತ್ತೇವೆಂದು ನಾನು ಅಲ್ಲೇ ಮಾತು ಕೊಟ್ಟೆ. ಶನಿವಾರ ಕಾರು ಶಿವಪ್ರಕಾಶರ ಮನೆ ಮುಂದೆ ನಿಂತಿತು. ನಾನು ಪಕ್ಕದಲ್ಲಿ ನಿಂತೆ, ಮೆಂತ್ಯ ಸೊಪ್ಪಿನ ಜೊತೆ ಮಜ್ದಾವನ್ನೂ ತಂದವನ ಠೀವಿಯಲ್ಲಿ.

ಅವರು ಹತ್ತು ಗಂಟೆಯಿಂದ ಒಂದರವರೆಗೆ ನೋಡಿದರು. ಅಡಿಯಲ್ಲಿ ಮಲಗಿ ತುಕ್ಕು ಹುಡುಕಿದರು. ಇರಲಿಲ್ಲ. ನಾಲ್ಕು ಸಿಲಿಂಡರಿನ ಒತ್ತಡ ಅಳೆದರು. ನಾಲ್ಕೂ ಒಂದೇ. ಕ್ಲಚ್ ಹೇಗಿರಬೇಕೋ ಹಾಗೆ ಹಿಡಿಯಿತು. ಮೂವತ್ತು ವರ್ಷದಲ್ಲಿ ಒಂದು ಸೇತುವೆಯ ದಶಾಂಶವನ್ನೂ ಆಚೀಚೆ ಮಾಡದ ಮನುಷ್ಯ. ಸುಳ್ಳು ಹೇಳಲು ಬರುವುದಿಲ್ಲ.

"ಛೊಲೊ ಅದ," ಎಂದರು. ಡಾಕ್ಟರು ವರದಿ ಕೈಗೆ ಕೊಟ್ಟಾಗ ಬರುವ ಧ್ವನಿ.

ಇನ್ನು ಮೆಲ್ಬರ್ನ್ ಅಲೆದಾಟ ತಪ್ಪಿತು ನೋಡಿ ಎಂದೆ. ಅವರು ಕೌದಿಯನ್ನು ಚೌಕಟ್ಟಿನಿಂದ ತೆಗೆದು, ಮೂಲೆಗೆ ಮೂಲೆ ಕೂಡಿಸಿ, ಬಹಳ ಹೊತ್ತು ಮಡಚಿದರು.

ಆರು ವಾರ ಕಳೆಯಿತು. ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಎತ್ತಿ ಸರಪಳಿಗೆ ನೇತುಹಾಕಿದ್ದರು, ಅಲ್ಲಿಂದ ಮುಂದೆ ಕೆಲಸ ಸಾಗಲಿಲ್ಲ. ನಾನು ಟಾರ್ಚ್ ಹಿಡಿದರೆ ಬೆಳಕು ಬಿದ್ದ ಕಡೆ ಸುಮ್ಮನೆ ನೋಡುತ್ತಿದ್ದರು. ಬಿಳಿ ಅಂಗಿ ಇಸ್ತ್ರಿಯಾಗಿ ಗರಾಜಿನ ಮೊಳೆಗೆ ತೂಗುತ್ತಿತ್ತು, ಭುಜದ ಮೇಲೆ ಧೂಳು ಕೂತಿತ್ತು.

ಒಂದು ಬುಧವಾರ ಚಾಟ್ಸ್‌ವುಡ್‌ನಲ್ಲಿ ಊಟಕ್ಕೆ ಕೂತಿದ್ದಾಗ ಶ್ರೀದೇವಿಯವರ ಫೋನು ಬಂತು.

"ಅಣ್ಣಾರ, ಕಾರ್ ನೀವ ಹುಡುಕಿ ಕೊಟ್ರಂತ. ಛೊಲೊ ಆತ್ರಿ."

ಏನೋ ನನ್ನ ಕೈಲಾದ್ದು ಎಂದೆ. ಆ ಕಡೆ ಮಗು ಏನೋ ಬೀಳಿಸಿತು. ಅವರು ಅದನ್ನು ಎತ್ತಿಟ್ಟು ಮತ್ತೆ ಫೋನಿಗೆ ಬಂದರು.

"ಇಲ್ಲೇ ಮೆಲ್ಬರ್ನ್ ಹತ್ರ, ಬ್ಯಾಲರಟ್ ಕಡೆ ಒಂದ ಗಾಡಿ ಇತ್ತು. ನಾನ ನೋಡಿಟ್ಟಿದ್ದೆ. ನಮ್ಮವರು ಬರ್ತಾರ, ತಡೀರಿ ಅಂತ ಆ ಗಾಡಿ ಅಜ್ಜಗ ಹೇಳಿದ್ದೆ. ಇನ್ನ ಬ್ಯಾಡಂತ ಹೇಳ್ಲೇನು?"

ನನ್ನ ಚಮಚ ತಟ್ಟೆಯಲ್ಲೇ ಉಳಿಯಿತು. ಆ ಐವತ್ತು ನಿಮಿಷ, ಬಿಳಿ ಅಂಗಿ, ಗಟ್ಟಿ ಸೀಟು, ಕರಿಬೇವಿನ ಗಿಡ, ಎಲ್ಲ ಒಟ್ಟಿಗೆ ಬಂದು ನನ್ನೆದುರಿಗೆ ಕೂತವು. ಹದಿನಾಲ್ಕು ಕಾರನ್ನು ಇಬ್ಬರೂ ಸೇರಿಯೇ ಬೇಡ ಎಂದಿದ್ದರು.

"ಹೇಳಬೇಡಿ. ಎರಡು ದಿನ ತಡೀರಿ," ಎಂದೆ.

ಸಂಜೆ ಮೆಟ್ರೋ ಇಳಿದವನೇ ನೇರ ಅವರ ಗರಾಜಿಗೆ ಹೋದೆ. ಟಾರ್ಚ್ ಹಿಡಿದು, ಗೇರ್‌ಬಾಕ್ಸನ್ನು ಸುತ್ತಲೂ ನೋಡಿ, ಈವರೆಗೆ ಆಡದಿದ್ದ ಒಂದು ಯಂತ್ರದ ಮಾತು ಆಡಿದೆ.

"ಶಿವಪ್ರಕಾಶರೇ, ಈ ಗೇರ್‌ಬಾಕ್ಸ್ ಯಾಕೋ ಸರಿಯಿಲ್ಲ ಅನ್ಸತ್ತೆ."

ಅವರು ನನ್ನ ಮುಖ ನೋಡಿದರು. ಬ್ಯಾಲರಟ್ ಕಡೆ ಒಂದು ಕಾರು ಇದೆಯಂತೆ, ಅದರ ಗೇರ್‌ಬಾಕ್ಸ್ ಚೆನ್ನಾಗಿದೆಯಂತೆ, ನೋಡಿದರೆ ನಷ್ಟವೇನು ಎಂದು ನಾನು ನೆಲಕ್ಕೆ ಹೇಳಿದೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಗೇರಿನ ಕೋಲಿಗೆ ಕೈಯಿಟ್ಟರು. ಒಂದು, ಎರಡು, ಮೂರು, ನಾಲ್ಕು, ಐದು. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸರಿಯಿತು. ಇನ್ನೊಮ್ಮೆ ಹಾಕಿದರು. ಮೂರನೆಯದರಲ್ಲಿ ಕೈ ನಿಲ್ಲಿಸಿದರು.

"ಹೌದ್ರಿ," ಎಂದರು ಕೊನೆಗೆ. "ಮೂರನೇದು ತುಸು ತಡೀತದ."

ಶುಕ್ರವಾರ ಮಧ್ಯಾಹ್ನ ಮೊಳೆಯಿಂದ ಅಂಗಿ ತೆಗೆದು ಝಾಡಿಸಿದರು. ಬರ್ತೀರೇನು ಎಂದು ಕೇಳಿದರು, ಆದರೆ ಹಿಂದಿನ ಸೀಟಿನ ಮೇಲೆ ಆಗಲೇ ಕರಿಬೇವಿನ ಕುಂಡ ಏರಿತ್ತು. ಕೆಲಸವಿದೆ ಎಂದೆ.

ಶನಿವಾರ ಬೆಳಿಗ್ಗೆ ಅಪರ್ಣ ಯೋಗಕ್ಕೆ ಹೋಗಿದ್ದಳು. ಮಗನ ಕೋಣೆಯ ಬಾಗಿಲು ಹಾಕಿತ್ತು. ನಾನು ರೂಢಿಯಂತೆ ಟಾರ್ಚ್ ಹಿಡಿದು ಅವರ ಮನೆತನಕ ಹೋಗಿ, ಗರಾಜು ಮುಚ್ಚಿರುವುದು ಕಂಡ ಮೇಲೆ ನೆನಪಾಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಹಿಂತಿರುಗಿ ಬಂದು ಕಂಪ್ಯೂಟರ್ ತೆರೆದೆ. ಗೇರ್‌ಬಾಕ್ಸ್ ಆಯಿತು. ಮುಂದಿನ ತಿಂಗಳಿಗೆ ಒಂದು ಹಿಂದಿನ ಆಕ್ಸಲ್ ಮೆಲ್ಬರ್ನ್ ಕಡೆ ಎಲ್ಲಾದರೂ ಇದೆಯೇ ಎಂದು ಹುಡುಕತೊಡಗಿದೆ.